ಇಬ್ಬರ ಹೊರೆ, ಒಂದು ದಿನ: ಫಾರೆಸ್ಟರ್ ಪಾಸ್ ದಾಟುವ ಲೆಕ್ಕ

ಜಾನ್ ಮ್ಯೂರ್ ಟ್ರೇಲ್ ಅಂದ ಕೂಡಲೇ ಬರುವ ಪ್ರಶ್ನೆಗಳು ಎರಡು: ಎಷ್ಟು ದಿನ ಬೇಕು, ಪರ್ಮಿಟ್ ಹೇಗೆ ಸಿಗುತ್ತದೆ. ಎರಡಕ್ಕೂ ಉತ್ತರ ಹುಡುಕುವುದು ಕಷ್ಟವಲ್ಲ, ಹಾಗಾಗಿ ಇವತ್ತು ಅವುಗಳ ತಂಟೆಗೆ ಹೋಗುವುದಿಲ್ಲ. ಈ ಮಾತು ಆ ದಾರಿಯ ಒಂದೇ ಒಂದು ದಿನದ ಬಗ್ಗೆ. ಇಬ್ಬರು ಸ್ನೇಹಿತರು, ಪೋರ್ಟರ್ ಇಲ್ಲ, ಗೈಡ್ ಇಲ್ಲ, ಹೇಸರಗತ್ತೆ ಇಲ್ಲ, ಐದು ದಿನದ ಊಟ ಬೆನ್ನ ಮೇಲೆ. ಅವರು ಫಾರೆಸ್ಟರ್ ಪಾಸ್ ಎಂಬ ಎತ್ತರದ ಬೆಟ್ಟದ ಕಂಡಿಯನ್ನು ದಾಟುವ ದಿನ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಇದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಶ್ರೇಣಿಯ ದಾರಿ. ಯೊಸೆಮಿಟಿ ಕಣಿವೆಯಿಂದ ಮೌಂಟ್ ವಿಟ್ನಿ ಶಿಖರದವರೆಗೆ ಸುಮಾರು 340 ಕಿ.ಮೀ. 1915ರಲ್ಲಿ ಕಡಿಯಲು ಶುರು ಮಾಡಿ 1938ರಲ್ಲಿ ಮುಗಿಸಿದರು. ಫಾರೆಸ್ಟರ್ ಪಾಸ್ ಇದರ ದಕ್ಷಿಣದ ಕೊನೆಯ ಹತ್ತಿರ ಬರುತ್ತದೆ, ಎತ್ತರ 4,009 ಮೀಟರ್. ಕಿಂಗ್ಸ್ ಕ್ಯಾನ್ಯನ್ ಮತ್ತು ಸಿಕ್ವೋಯಾ ಎಂಬ ಎರಡು ರಾಷ್ಟ್ರೀಯ ಉದ್ಯಾನಗಳ ಗಡಿ ಅದರ ನೆತ್ತಿಯ ಮೇಲೇ ಹಾದುಹೋಗುತ್ತದೆ. ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿಗೆ ಹೋಗುವ ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನ ಅತಿ ಎತ್ತರದ ಜಾಗವೂ ಇದೇ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿರುವ ಕನ್ನಡಿಗರಲ್ಲಿ ಪೂರ್ತಿ ದಾರಿಗೆ ಮೂರು ವಾರ ರಜೆ ಸಿಗದವರು ಆನಿಯನ್ ವ್ಯಾಲಿಯಿಂದ ಕಿಯರ್‌ಸಾರ್ಜ್ ಪಾಸ್ ಹತ್ತಿ ಈ ದಕ್ಷಿಣದ ತುಂಡನ್ನು ಮಾತ್ರ ನಡೆಯುವುದುಂಟು. ಇಲ್ಲಿ ಹೇಳುವುದು ಪೂರ್ತಿ ದಾರಿ ನಡೆಯುವವರಿಗೂ ಈ ತುಂಡನ್ನಷ್ಟೇ ನಡೆಯುವವರಿಗೂ ಸಲ್ಲುತ್ತದೆ.

ಒಬ್ಬನೇ ನಡೆಯುವವನ ದಿನಕ್ಕೂ ಇಬ್ಬರು ನಡೆಯುವ ದಿನಕ್ಕೂ ಇರುವ ವ್ಯತ್ಯಾಸವೆಲ್ಲ ಹಂಚಿಕೆಯಲ್ಲಿದೆ. ಟೆಂಟ್ ಒಂದು, ಒಲೆ ಒಂದು, ನೀರಿನ ಫಿಲ್ಟರ್ ಒಂದು. ಹಂಚಿಕೊಂಡ ಪ್ರತಿ ಸಾಮಾನೂ ಇಬ್ಬರ ಭಾರವನ್ನು ಇಳಿಸುತ್ತದೆ, ಜೊತೆಗೇ ಇಬ್ಬರನ್ನೂ ಒಂದೇ ಗೂಟಕ್ಕೆ ಕಟ್ಟುತ್ತದೆ. ನಡಿಗೆಯ ದಿನ ಕೆಡುವುದು ಬಹಳ ಸಲ ಕರಡಿಯಿಂದಲೂ ಅಲ್ಲ, ಹಿಮದಿಂದಲೂ ಅಲ್ಲ, ಈ ಹಂಚಿಕೆಯನ್ನು ಸರಿಯಾಗಿ ಯೋಚಿಸದೇ ಇದ್ದುದರಿಂದ.

ದಿನ ಶುರುವಾಗುವುದು ಹಿಂದಿನ ರಾತ್ರಿ ಎಲ್ಲಿ ಮಲಗುತ್ತೀರಿ ಅನ್ನುವುದರಿಂದ. ಉತ್ತರದಿಂದ ಬರುವವರು ಸಾಮಾನ್ಯವಾಗಿ ವಿಡೆಟ್ ಮೆಡೋ ಎಂಬ ಹುಲ್ಲುಗಾವಲಿನ ಹತ್ತಿರ ಟೆಂಟ್ ಹಾಕುತ್ತಾರೆ. ಎತ್ತರ ಸುಮಾರು 2,900 ಮೀಟರ್, ಕಾಡು ಚೆನ್ನಾಗಿದೆ, ಬಬ್ಸ್ ಕ್ರೀಕ್ ಎಂಬ ಹಳ್ಳದ ನೀರು ಪಕ್ಕದಲ್ಲೇ. ಆದರೆ ಅಲ್ಲಿಂದ ಪಾಸ್ ಸುಮಾರು 12 ಕಿ.ಮೀ. ದೂರ, 1,100 ಮೀಟರ್ ಏರು. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಹೇಳಿದ ಹಳೆಯ ಲೆಕ್ಕವೊಂದಿದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಲೆಕ್ಕ ಹಗುರ ಚೀಲದ, ಗಟ್ಟಿ ಕಾಲಿನ ಮನುಷ್ಯನದು. 13-14 ಕೆ.ಜಿ. ಹೊತ್ತು 3,000 ಮೀಟರ್ ಮೇಲೆ ನಡೆಯುವವರು ಬಂದ ಉತ್ತರವನ್ನು ಒಂದೂವರೆಯಿಂದ ಗುಣಿಸಬೇಕು. ಹಾಗೆ ಮಾಡಿದರೆ ವಿಡೆಟ್‌ನಿಂದ ಪಾಸ್‌ಗೆ ಆರು ಗಂಟೆ ದಾಟುತ್ತದೆ, ಅದೂ ನಿಲ್ಲುವುದನ್ನು ಬಿಟ್ಟು. ಬೆಳಿಗ್ಗೆ 6ಕ್ಕೆ ಹೊರಟವರು ಮೇಲೆ ತಲುಪುವಾಗ ಮಧ್ಯಾಹ್ನ ಒಂದು ಗಂಟೆ. ಜುಲೈ, ಆಗಸ್ಟ್‌ನಲ್ಲಿ ಸಿಯೆರಾದ ಗುಡುಗು ಮಳೆ ಬರುವ ಹೊತ್ತೇ ಅದು.

ಆದ್ದರಿಂದ ಹಿಂದಿನ ದಿನವೇ ಇನ್ನೊಂದು ಐದು ಕಿ.ಮೀ. ನಡೆದು ಸೆಂಟರ್ ಬೇಸಿನ್ ಕ್ರೀಕ್ ಸೇರುವ ಜಾಗದ ಆಸುಪಾಸಿನಲ್ಲಿ ಮಲಗುವುದು ಜಾಣತನ. ಎತ್ತರ ಸುಮಾರು 3,200 ಮೀಟರ್, ಮರಗಳ ಮರೆ ಇನ್ನೂ ಇದೆ. ಅಲ್ಲಿಂದ ಪಾಸ್‌ಗೆ 7 ಕಿ.ಮೀ., 800 ಮೀಟರ್ ಏರು. ಅದೇ ಲೆಕ್ಕ ಹಾಕಿದರೆ ನಾಲ್ಕು ಗಂಟೆ ಚಿಲ್ಲರೆ. ಬೆಳಿಗ್ಗೆ ಪೌಣೆ ಆರಕ್ಕೆ ಹೊರಟರೆ ಹತ್ತೂವರೆಯೊಳಗೆ ಮೇಲಿರಬಹುದು. ಕಿಯರ್‌ಸಾರ್ಜ್ ಕಡೆಯಿಂದ ನಿನ್ನೆ ಮೊನ್ನೆಯಷ್ಟೇ ಹತ್ತಿ ಬಂದವರು ಮಾತ್ರ ಇಷ್ಟು ಎತ್ತರದಲ್ಲಿ ಮಲಗುವ ಮುಂಚೆ ಕೆಳಗೆ ಒಂದು ರಾತ್ರಿ ಹೆಚ್ಚು ಕಳೆಯಬೇಕು, ಕಾರಣ ಮುಂದೆ ಬರುತ್ತದೆ.

ಕುಮಾರ ಪರ್ವತ ಹತ್ತಿದವರು ಇಲ್ಲಿ ಒಂದು ಮಾತು ಕೇಳಬಹುದು: ಸುಬ್ರಹ್ಮಣ್ಯದಿಂದ 1,712 ಮೀಟರ್‌ನ ತುದಿಗೆ ಒಂದೇ ಏರಿನಲ್ಲಿ ಇದಕ್ಕಿಂತ ಎರಡು ಪಟ್ಟು ಹತ್ತುತ್ತೇವಲ್ಲ, 800 ಮೀಟರ್ ಯಾವ ಲೆಕ್ಕ? ಏರಿನ ಮಟ್ಟಿಗೆ ಮಾತು ಸರಿ. ಆದರೆ 4,000 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರ ಹತ್ತಿರ. ಶ್ವಾಸಕೋಶಕ್ಕೆ ಸಿಗುವ ಆಮ್ಲಜನಕವೂ ಅಷ್ಟೇ ಪ್ರಮಾಣದಲ್ಲಿ ಇಳಿದಿರುತ್ತದೆ. ಇನ್ನೊಂದು, ದಾರಿಯ ನಡುವೆ ಊಟ ಹಾಕುವ ಭಟ್ಟರ ಮನೆ ಇಲ್ಲಿಲ್ಲ.

ಈಗ ಹೊರೆಯ ವಿಷಯಕ್ಕೆ ಬರೋಣ, ಇದಕ್ಕೆ ಸ್ವಲ್ಪ ಸಮಯ ಕೊಡಲೇಬೇಕು. ಒಬ್ಬರ ತೂಕ 75 ಕೆ.ಜಿ., ಇನ್ನೊಬ್ಬರದು 58 ಕೆ.ಜಿ. ಅಂದುಕೊಳ್ಳಿ. ಖಾಲಿ ಬ್ಯಾಗ್, ಸ್ಲೀಪಿಂಗ್ ಬ್ಯಾಗ್, ಮ್ಯಾಟ್, ಬಟ್ಟೆ, ಮಳೆಯ ಜಾಕೆಟ್, ಚಿಲ್ಲರೆ ಸಾಮಾನು ಎಲ್ಲ ಸೇರಿ ತಲಾ 5 ಕೆ.ಜಿ.ಯಂತೆ 10. ಟೆಂಟ್, ಒಲೆ, ಪಾತ್ರೆ, ಗ್ಯಾಸ್, ಫಿಲ್ಟರ್, ಔಷಧಿ, ಪವರ್ ಬ್ಯಾಂಕ್, ಸ್ಯಾಟಲೈಟ್ ಸಾಧನ, ಹೀಗೆ ಇಬ್ಬರಿಗೂ ಸೇರಿದ್ದು 2.8. ಕರಡಿ ಡಬ್ಬಿ, ಅಂದರೆ ಕರಡಿಗೆ ತೆರೆಯಲಾಗದ ಊಟದ ಗಟ್ಟಿ ಡಬ್ಬಿ, ಎರಡು, ಒಟ್ಟು 2.4. ಊಟ ತಲೆಗೆ ದಿನಕ್ಕೆ 750 ಗ್ರಾಂನಂತೆ ಐದು ದಿನಕ್ಕೆ 7.5. ನೀರು ತಲಾ ಒಂದೂವರೆ ಲೀಟರ್, 3. ಒಟ್ಟು 25.7 ಕೆ.ಜಿ.

ಸ್ನೇಹದಲ್ಲಿ ಎಲ್ಲ ಸಮಪಾಲು ಎಂದು ಇದನ್ನು ಅರ್ಧ ಅರ್ಧ ಮಾಡಿದರೆ 58 ಕೆ.ಜಿ.ಯವರ ಬೆನ್ನಿಗೆ ಸುಮಾರು 13 ಬೀಳುತ್ತದೆ, ಅಂದರೆ ಮೈತೂಕದ ಶೇ. 22. ಇನ್ನೊಬ್ಬರಿಗೆ ಶೇ. 17. ಮೊದಲ ದಿನ ಗೊತ್ತಾಗುವುದಿಲ್ಲ. ಮೂರನೆಯ ದಿನ ಒಬ್ಬರು ಮುಂದೆ ಹೋಗಿ ಕಾಯುತ್ತ ಚಳಿ ಹಿಡಿಸಿಕೊಳ್ಳುತ್ತಾರೆ, ಇನ್ನೊಬ್ಬರು ಹಿಂದೆ ಉಸಿರು ಬಿಡುತ್ತ ಬಂದು ನಿಂತ ಕ್ಷಣಕ್ಕೇ ಮೊದಲನೆಯವರು ಎದ್ದು ಹೊರಡುತ್ತಾರೆ. ಹಿಂದಿನವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಮೈತೂಕದ ಅನುಪಾತದಲ್ಲಿ ಹಂಚಿದರೆ 14.5 ಮತ್ತು 11.2 ಬರುತ್ತದೆ, ಇಬ್ಬರಿಗೂ ಶೇ. 19ರ ಆಸುಪಾಸು. ಅಲ್ಲಿಂದ ಶುರು ಮಾಡಿ. ಎರಡು ದಿನ ನಡೆದ ಮೇಲೂ ಒಬ್ಬರು ಸದಾ ಮುಂದಿದ್ದರೆ ಇನ್ನೊಂದು ಕೆ.ಜಿ. ಅವರ ಬೆನ್ನಿಗೆ ಹೋಗಲಿ. ವೇಗದ ವ್ಯತ್ಯಾಸವನ್ನು ಭಾರದಿಂದ ಸರಿದೂಗಿಸುವುದು ಬುದ್ಧಿವಾದ ಹೇಳುವುದಕ್ಕಿಂತ ಸುಲಭ.

ಇದರಲ್ಲೊಂದು ಮೋಸ ಅಡಗಿದೆ. ಊಟ ಕರಗುತ್ತದೆ, ಟೆಂಟ್ ಕರಗುವುದಿಲ್ಲ. ಇಬ್ಬರು ಸೇರಿ ದಿನಕ್ಕೆ ಒಂದೂವರೆ ಕೆ.ಜಿ. ತಿನ್ನುತ್ತಾರೆ. ಒಬ್ಬರು ಊಟವನ್ನೆಲ್ಲ ಹೊತ್ತು ಇನ್ನೊಬ್ಬರು ಟೆಂಟ್, ಒಲೆ ಹೊತ್ತರೆ ನಾಲ್ಕನೆಯ ದಿನ ಮುಗಿಯುವ ಹೊತ್ತಿಗೆ ಊಟದವರ ಬ್ಯಾಗ್ 6 ಕೆ.ಜಿ. ಇಳಿದಿರುತ್ತದೆ, ಟೆಂಟಿನವರದ್ದು ಹಾಗೇ ಇರುತ್ತದೆ. ಆದ್ದರಿಂದ ಊಟವನ್ನು ಎರಡೂ ಡಬ್ಬಿಗೆ ಹಂಚಿ, ಪ್ರತಿ ದಿನ ಎರಡರಿಂದಲೂ ತೆಗೆಯಿರಿ. ಬೆಳಿಗ್ಗೆ ಬ್ಯಾಗ್ ಕಟ್ಟಿದ ಮೇಲೆ ಒಬ್ಬರದನ್ನೊಬ್ಬರು ಎತ್ತಿ ನೋಡಿ. ಅರ್ಧ ನಿಮಿಷದ ಕೆಲಸ.

ಎರಡನೆಯ ಮೋಸ ಟೆಂಟಿನದು. ಕಂಬಗಳು ಮತ್ತು ಗೂಟಗಳು ಒಬ್ಬರಲ್ಲಿ, ಬಟ್ಟೆ ಇನ್ನೊಬ್ಬರಲ್ಲಿ ಇಟ್ಟರೆ ತೂಕ ಚೆನ್ನಾಗಿ ಹಂಚಿಹೋಗುತ್ತದೆ. ಆದರೆ ಮಂಜಿನಲ್ಲೋ ಕವಲುದಾರಿಯಲ್ಲೋ ಇಬ್ಬರೂ ಬೇರೆಯಾದರೆ ಇಬ್ಬರಿಗೂ ಸೂರಿಲ್ಲ. ಇದಕ್ಕೆ ದಾರಿ ಎರಡು. ಟೆಂಟ್ ಪೂರ್ತಿ ಒಬ್ಬರ ಹತ್ತಿರವಿರಲಿ, ಒಲೆ-ಪಾತ್ರೆ-ಗ್ಯಾಸ್-ಔಷಧಿ ಇನ್ನೊಬ್ಬರ ಹತ್ತಿರ, ಮತ್ತು ಆ ಇನ್ನೊಬ್ಬರ ಬಳಿ 100 ಗ್ರಾಂ ತೂಗುವ ತುರ್ತು ಬೈವಿ ಚೀಲ (ಟೆಂಟ್ ಇಲ್ಲದಾಗ ಒಳಗೆ ತೂರಿ ಮಲಗುವ ಚೀಲ) ಇರಲಿ. ಇಲ್ಲವೇ ಬೇರೆಯಾಗದಂಥ ನಿಯಮ ಮಾಡಿಕೊಳ್ಳಿ: ಪ್ರತಿ ಕವಲಿನಲ್ಲಿ, ಪ್ರತಿ ಹಳ್ಳದ ದಡದಲ್ಲಿ ಮುಂದಿನವರು ನಿಂತೇ ನಿಲ್ಲಬೇಕು. ಎರಡನ್ನೂ ಮಾಡುವುದು ಒಳ್ಳೆಯದು. ಏನೇ ಹಂಚಿದರೂ ಇವಿಷ್ಟು ಮಾತ್ರ ಹಂಚಬಾರದು, ತಲಾ ಒಂದೊಂದು ಬೇಕು: ಮಳೆಯ ಜಾಕೆಟ್, ಬೆಚ್ಚನೆಯ ಜಾಕೆಟ್, ಸ್ಲೀಪಿಂಗ್ ಬ್ಯಾಗ್, ಹೆಡ್‌ಲ್ಯಾಂಪ್, ಸೀಟಿ, ನಕ್ಷೆ, ಆ ದಿನದ ತಿಂಡಿ, ನೀರು ಶುದ್ಧಮಾಡುವ ನಾಲ್ಕು ಮಾತ್ರೆ.

ಸ್ಯಾಟಲೈಟ್ ಸಾಧನ ಒಂದೇ ಇದ್ದರೆ ಯಾರ ಬಳಿ ಇರಬೇಕು? ಹಿಂದೆ ನಡೆಯುವವರ ಬಳಿ. ಮುಂದಿನವರು ಬಿದ್ದರೆ ಹಿಂದಿನವರು ಅಲ್ಲಿಗೆ ಬಂದೇ ಬರುತ್ತಾರೆ. ಹಿಂದಿನವರು ಬಿದ್ದರೆ ಮುಂದಿನವರಿಗೆ ಗೊತ್ತಾಗಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಸಾಧನ ಅವರ ಕೈಗೆಟುಕುವಂತಿರಬೇಕು. ಅದಕ್ಕೇ ಅದನ್ನು ಬ್ಯಾಗಿನೊಳಗೆ ಇಡದೆ ಭುಜದ ಪಟ್ಟಿಗೆ ಸಿಕ್ಕಿಸಬೇಕು. ಎಸ್‌ಒಎಸ್ ಗುಂಡಿ ಒತ್ತುವುದು ಇಬ್ಬರಿಗೂ ಗೊತ್ತಿರಬೇಕು ಅಂತ ಬೇರೆ ಹೇಳಬೇಕಿಲ್ಲ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಸಾಧನ ಕೊಂಡವರು ಮಾತ್ರ ಅದನ್ನು ಕಲಿತಿರುತ್ತಾರೆ.

ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಏಳಿ. ಒಬ್ಬರು ನೀರು ಕಾಯಿಸುವಾಗ ಇನ್ನೊಬ್ಬರು ಟೆಂಟ್ ಬಿಚ್ಚಲಿ. ಇಬ್ಬರೂ ಒಂದೇ ಕೆಲಸದ ಸುತ್ತ ನಿಂತರೆ ಒಂದು ಗಂಟೆಯಲ್ಲಿ ಮುಗಿಯುವುದು ಒಂದೂಮುಕ್ಕಾಲಿಗೆ ಹೋಗುತ್ತದೆ. ಬೆಳಗಿನ ತಿಂಡಿಗೆ ತೆಳು ಅವಲಕ್ಕಿಯಷ್ಟು ಅನುಕೂಲದ್ದು ಇನ್ನೊಂದಿಲ್ಲ: ತಲೆಗೆ 80 ಗ್ರಾಂ, ಒಗ್ಗರಣೆ ಮನೆಯಲ್ಲೇ ಕಲೆಸಿದ್ದು, ಮೇಲೆ ಸುಮಾರು 150 ಮಿ.ಲೀ. ಬಿಸಿನೀರು, ಮೂರು ನಿಮಿಷ ಮುಚ್ಚಿಡಿ. ಹುರಿದ ಕಡಲೆಕಾಯಿ, ಒಂದು ಚಮಚ ತುಪ್ಪ. ಗಟ್ಟಿ ಅವಲಕ್ಕಿ ತರಬೇಡಿ, ತಣ್ಣಗಿನ ಗಾಳಿಯಲ್ಲಿ ಅದು ನೆನೆಯುವ ಮೊದಲೇ ಆರುತ್ತದೆ. ಫಿಲ್ಟರ್ ಕಾಫಿ ಇಲ್ಲದೆ ಆಗದು ಅನ್ನುವವರಿಗೆ ನನ್ನ ಸಹಾನುಭೂತಿ ಇದೆ, ಅದಕ್ಕಿಂತ ಹೆಚ್ಚೇನೂ ಕೊಡಲಾರೆ. ಇನ್‌ಸ್ಟಂಟ್ ಪುಡಿ, ಹಾಲಿನ ಪುಡಿ, ಸಕ್ಕರೆ ಮೂರನ್ನೂ ಮೊದಲೇ ಬೆರೆಸಿಟ್ಟ ಪೊಟ್ಟಣ, ಅಷ್ಟೇ.

ಹೊರಡುವ ಮುಂಚೆ ಮೈಯ ಬೆಚ್ಚನೆ ಜಾಕೆಟ್ ಬಿಚ್ಚಿಬಿಡಿ. ಮೊದಲ ಹತ್ತು ನಿಮಿಷ ಚಳಿಯಾಗಬೇಕು. ಬೆಚ್ಚಗೆ ಹೊರಟವರು ಕಾಲು ಗಂಟೆಗೇ ಬೆವರಿ ನಿಲ್ಲುತ್ತಾರೆ, ಒದ್ದೆ ಬಟ್ಟೆಯಲ್ಲಿ ಪಾಸಿನ ಗಾಳಿಗೆ ನಡುಗುತ್ತಾರೆ.

ಏರಿನಲ್ಲಿ ನಿಧಾನದವರು ಮುಂದಿರಲಿ. ಮಾತಾಡುತ್ತ ನಡೆಯಲು ಆಗುವ ವೇಗ ಸರಿಯಾದ ವೇಗ. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ಬೇಕಾದರೆ ಇಳಿಸಿ. ಐವತ್ತು ನಿಮಿಷ ನಡಿಗೆ, ಹತ್ತು ನಿಮಿಷ ನಿಲುಗಡೆ. ನಿಲುಗಡೆಯನ್ನು ಗಡಿಯಾರ ನಿರ್ಧರಿಸಬೇಕು. ಯಾರೂ "ಸಾಕಾಯ್ತು ಮಾರಾಯ" ಅಂತ ಬಾಯಿಬಿಟ್ಟು ಕೇಳುವ ಹಾಗಿರಬಾರದು, ಏಕೆಂದರೆ ಸ್ನೇಹಿತರು ಕೇಳುವುದೇ ಇಲ್ಲ. ಕಾಲಿನ ಬೊಬ್ಬೆಗಳು ಏಳುವುದು ಇದೇ ಸಂಕೋಚದಿಂದ. ಹಿಮ್ಮಡಿಯಲ್ಲಿ ಬಿಸಿ ಅನ್ನಿಸಿದ ಕ್ಷಣ ನಿಂತು, ಕಾಲು ಒರೆಸಿ ಒಣಗಿಸಿ ಟೇಪ್ ಹಾಕಿದರೆ ನಾಲ್ಕು ನಿಮಿಷ ಹೋಗುತ್ತದೆ. ಮುಂದಿನ ನಿಲುಗಡೆಗೆ ನೋಡೋಣ ಅಂದರೆ ಚರ್ಮ ನೀರು ತುಂಬಿಕೊಂಡಿರುತ್ತದೆ, ಆಮೇಲೆ ಮೂರು ದಿನ ಇಬ್ಬರೂ ಕುಂಟುವವರ ವೇಗದಲ್ಲೇ.

ಸುಮಾರು 3,400 ಮೀಟರ್ ಹತ್ತಿರ ಮರಗಳು ಮುಗಿಯುತ್ತವೆ. ಇಲ್ಲಿಂದ ಮುಂದೆ ಬಂಡೆ, ಕಲ್ಲುರಾಶಿ, ಸಣ್ಣ ಕೆರೆಗಳು. ನೀರಿಗೆ ಬರವಿಲ್ಲ, ಪಾಸಿನ ಕೆಳಗಿನ ಕೊನೆಯ ಕೆರೆಯವರೆಗೂ ಸಿಗುತ್ತದೆ. ಆದ್ದರಿಂದ ಕೆಳಗಿನಿಂದ ಮೂರು ಲೀಟರ್ ಹೊತ್ತು ತರುವುದು ವ್ಯರ್ಥ. ತಲಾ ಒಂದು ಲೀಟರ್ ಇಟ್ಟುಕೊಂಡು ಕೊನೆಯ ಕೆರೆಯಲ್ಲಿ ಒಂದೂವರೆಗೆ ತುಂಬಿಸಿಕೊಳ್ಳಿ. ದಕ್ಷಿಣದ ಕೆರೆಗಳವರೆಗೆ ಅಷ್ಟು ಸಾಕು.

ಎತ್ತರದ ಕಾಯಿಲೆಯ ಬಗ್ಗೆ ಇಲ್ಲೇ ಹೇಳಬೇಕು. ತಲೆನೋವು, ಹೊಟ್ಟೆ ತೊಳಸುವುದು, ಊಟ ಬೇಡ ಅನ್ನಿಸುವುದು, ಇವು ಸೌಮ್ಯ ಲಕ್ಷಣ. ಇವಿರುವಾಗ ಮೇಲೆ ಹೋಗಬಾರದು, ಅದೇ ಎತ್ತರದಲ್ಲಿ ನಿಂತು ನೋಡಬೇಕು. ಅಪಾಯದ ಲಕ್ಷಣ ಎರಡು. ಸುಮ್ಮನೆ ಕೂತಾಗಲೂ ಏದುಸಿರು ನಿಲ್ಲದಿದ್ದರೆ, ಕೆಮ್ಮು ಬಂದರೆ, ಶ್ವಾಸಕೋಶದಲ್ಲಿ ನೀರು ಸೇರುತ್ತಿರಬಹುದು. ನಡಿಗೆ ತೂರಾಡಿದರೆ, ಮಾತು ತಪ್ಪಿದರೆ ಮಿದುಳು ಊದಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಎರಡನೆಯದು ಆದವರಿಗೆ ತಮಗೆ ಏನೋ ಆಗಿದೆ ಅನ್ನುವುದೇ ಗೊತ್ತಿರುವುದಿಲ್ಲ, ಕೇಳಿದರೆ ಸಿಟ್ಟಾಗುತ್ತಾರೆ. ಜೊತೆಗಿರುವ ಸ್ನೇಹಿತನೇ ಇಲ್ಲಿ ತಪಾಸಣೆಯ ಉಪಕರಣ. ನೆಲದ ಮೇಲೆ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ. ಆಗದಿದ್ದರೆ ಚರ್ಚೆ ಬೇಡ, ಆಗಲೇ ಇಳಿಯಬೇಕು, ಒಬ್ಬರನ್ನೇ ಕಳಿಸಬಾರದು. ಉತ್ತರದಿಂದ ಎರಡು ವಾರ ನಡೆದು ಬಂದವರ ಮೈ ಎತ್ತರಕ್ಕೆ ಒಗ್ಗಿರುತ್ತದೆ. ಎರಡು ದಿನದ ಹಿಂದೆ ಸಮುದ್ರಮಟ್ಟದ ಹತ್ತಿರದ ಸ್ಯಾನ್ ಹೊಸೆಯಲ್ಲಿ ಮಲಗಿದ್ದವರಿಗೆ ಈ ಭಾಗ್ಯವಿಲ್ಲ. ಅಸೆಟಾಝೋಲಮೈಡ್ ಮಾತ್ರೆಯನ್ನು ಮುನ್ನೆಚ್ಚರಿಕೆಗೆ ತೆಗೆದುಕೊಳ್ಳುವುದಿದೆ, ಅದನ್ನು ವೈದ್ಯರನ್ನು ಕೇಳಿಯೇ. ಸಲ್ಫಾ ಔಷಧಿಯ ಅಲರ್ಜಿ ಇರುವವರು ಮೊದಲೇ ತಿಳಿಸಬೇಕು.

ಹಿಂತಿರುಗುವ ಗಂಟೆಯನ್ನು ಹಿಂದಿನ ರಾತ್ರಿಯೇ ಗೊತ್ತುಮಾಡಿಕೊಂಡಿರಬೇಕು. ಉದಾಹರಣೆಗೆ ಹನ್ನೆರಡಕ್ಕೆ ಮೇಲೆ ಮುಟ್ಟದಿದ್ದರೆ ಇಳಿಯುವುದು. ಹತ್ತು ಗಂಟೆಗೇ ಮೋಡಗಳು ಎತ್ತರಕ್ಕೆ ಬೆಳೆದು ತಳ ಕಪ್ಪಾದರೆ ಆಗಲೇ ಇಳಿಯುವುದು. ಇಬ್ಬರಲ್ಲಿ ಯಾರು ಬೇಡ ಅಂದರೂ ಅದು ಇಬ್ಬರ ಬೇಡ. ಕಾರಣ ಕೇಳುವುದು ಟೆಂಟ್ ಹಾಕಿದ ಮೇಲೆ. ಈ ಒಪ್ಪಂದವನ್ನು ಇಳಿಜಾರಿನ ಮೇಲೆ ನಿಂತು ಮಾಡಿಕೊಳ್ಳಲಾಗುವುದಿಲ್ಲ, ಅಲ್ಲಿ ದಣಿವು ಮತ್ತು ಹಠ ಎರಡೂ ಮಾತಾಡುತ್ತವೆ.

ಫಾರೆಸ್ಟರ್ ವಿಷಯದಲ್ಲಿ ಬಹಳ ಜನ ಮಾಡುವ ಲೆಕ್ಕದ ತಪ್ಪು ಪಾಸನ್ನೇ ಕೊನೆ ಅಂದುಕೊಳ್ಳುವುದು. ಉತ್ತರದಲ್ಲಿ ಮರಗಳು ಮುಗಿದಲ್ಲಿಂದ ದಕ್ಷಿಣದಲ್ಲಿ ಮತ್ತೆ ಮರಗಳು ಸಿಗುವವರೆಗೆ ಸುಮಾರು 10 ಕಿ.ಮೀ. ಬಟ್ಟಬಯಲು. ಅದರಲ್ಲಿ ಹೆಚ್ಚಿನ ಪಾಲು ಪಾಸ್ ದಾಟಿದ ಮೇಲಿನದು. ಸಿಡಿಲಿಗೆ ಆ ಬಯಲಿನಲ್ಲಿ ಎತ್ತರದ ವಸ್ತು ನೀವಿಬ್ಬರೇ. ಹೀಗಾಗಿ ಗಡುವು ಇಡಬೇಕಾದ್ದು ಪಾಸಿಗಲ್ಲ, ದಕ್ಷಿಣದ ಮರಗಳಿಗೆ: ಮಧ್ಯಾಹ್ನ ಒಂದೂವರೆಯೊಳಗೆ ಅಲ್ಲಿರಬೇಕು. ಅದರಿಂದ ಹಿಂದಕ್ಕೆ ಎಣಿಸಿದಾಗಲೇ ಬೆಳಗಿನ ಪೌಣೆ ಆರು ಬರುವುದು. ಒಂದು ವೇಳೆ ಬಯಲಲ್ಲೇ ಗುಡುಗು ಹಿಡಿದರೆ ದಿಬ್ಬ, ಒಂಟಿ ಬಂಡೆ, ಕೆರೆಯ ದಡ ಬಿಟ್ಟು ತಗ್ಗಿಗೆ ಹೋಗಿ, ಊರುಗೋಲುಗಳನ್ನು ದೂರ ಎಸೆದು, ಮ್ಯಾಟಿನ ಮೇಲೆ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು. ಇಬ್ಬರೂ ಒತ್ತಿಕೊಂಡು ಕೂರುವುದು ಸಹಜ, ಆದರೆ ಕೂಡದು. ಕನಿಷ್ಠ 15 ಮೀಟರ್ ಅಂತರ ಬೇಕು, ಒಬ್ಬರಿಗೆ ಬಡಿದರೆ ಎದೆ ಒತ್ತಿ ಉಸಿರು ಕೊಡಲು ಇನ್ನೊಬ್ಬರು ಉಳಿದಿರಬೇಕು.

ಮೇಲೆ ಜಾಗ ಕಿರಿದು, ನಾಲ್ಕಾರು ಜನ ಕೂರುವಷ್ಟು. 1930ರಲ್ಲಿ ಈ ದಾರಿ ಕಡಿಯುವಾಗ ಗಾಯಗೊಂಡು ತೀರಿಕೊಂಡ ಡೊನಾಲ್ಡ್ ಡೌನ್ಸ್ ಎಂಬ ಹುಡುಗನ ಹೆಸರಿನ ಫಲಕ ಪಾಸಿನ ಹತ್ತಿರ ದಾರಿಯಲ್ಲಿದೆ. ದಕ್ಷಿಣದ ಬಂಡೆಗೋಡೆಯನ್ನು ನೋಡಿದಾಗ ಆ ಕೆಲಸ ಎಂಥದಿತ್ತು ಅನ್ನುವುದು ತಿಳಿಯುತ್ತದೆ. ದಾರಿಯನ್ನು ಬಂಡೆಗೆ ಸಿಡಿಮದ್ದಿಟ್ಟು ಕೆತ್ತಿದ್ದಾರೆ. ಬ್ಯಾಗ್ ಕೆಳಗಿಟ್ಟು ಫೋಟೋಕ್ಕೆ ಓಡಬೇಡಿ. ಮಾರ್ಮಟ್ ಎಂಬ ದಪ್ಪ ಅಳಿಲಿನ ಜಾತಿಯ ಪ್ರಾಣಿ ಇಲ್ಲಿ ಕಾದಿರುತ್ತದೆ. ಅದಕ್ಕೆ ಬೇಕಾದ್ದು ನಿಮ್ಮ ಬೆವರಿನ ಉಪ್ಪು, ಭುಜದ ಪಟ್ಟಿ ಮತ್ತು ಊರುಗೋಲಿನ ಹಿಡಿಯನ್ನು ಕಡಿದುಹಾಕುತ್ತದೆ.

ಇಳಿಯುವಾಗ ಪಾಸಿನ ಸ್ವಲ್ಪವೇ ಕೆಳಗೆ ಕಡಿದಾದ ಒಂದು ಹಿಮಗಾಲುವೆಯನ್ನು ಅಡ್ಡ ದಾಟಬೇಕು. ಆಗಸ್ಟ್‌ನಲ್ಲಿ ಬಹುಪಾಲು ವರ್ಷ ಅಲ್ಲಿ ಒಣ ದಾರಿ. ಜೂನ್‌ನಲ್ಲಿ, ಹಿಮ ಹೆಚ್ಚು ಬಿದ್ದ 2023ರಂಥ ವರ್ಷಗಳಲ್ಲಿ ಜುಲೈನಲ್ಲೂ ಹಿಮ. ದಾಟುವುದು ಹತ್ತಾರು ಹೆಜ್ಜೆ, ಕೆಳಗೆ ಮಾತ್ರ ಉದ್ದನೆಯ ಜಾರು. ಬೆಳಿಗ್ಗೆ ಬೇಗ ಹಿಮ ಗಾಜಿನಂತೆ ಗಟ್ಟಿ, ಮೈಕ್ರೋಸ್ಪೈಕ್ (ಶೂ ಅಡಿಗೆ ಕಟ್ಟುವ ಮುಳ್ಳು) ಮತ್ತು ಐಸ್ ಆಕ್ಸ್ (ಹಿಮಗೊಡಲಿ) ಬೇಕು, ಜೊತೆಗೆ ಆ ಕೊಡಲಿಯನ್ನು ಬಳಸಿ ಜಾರುವುದನ್ನು ನಿಲ್ಲಿಸುವ ಅಭ್ಯಾಸವೂ. ಮಧ್ಯಾಹ್ನ ಹಿಮ ಮೆತ್ತಗಾಗಿ ತೊಡೆಯವರೆಗೆ ಹೂತುಹೋಗುತ್ತೀರಿ. ಒಬ್ಬೊಬ್ಬರಾಗಿ ದಾಟಿ, ಒಬ್ಬರು ಬಂಡೆಯ ಮೇಲೆ ಗಟ್ಟಿಯಾಗಿ ನಿಂತ ಮೇಲೇ ಇನ್ನೊಬ್ಬರು ಹೆಜ್ಜೆ ಇಡಲಿ. ಹಗ್ಗದ ತರಬೇತಿ ಇಲ್ಲದೆ ಇಬ್ಬರೂ ಹಗ್ಗ ಕಟ್ಟಿಕೊಳ್ಳುವುದು ಬೇಡವೇ ಬೇಡ. ಒಬ್ಬರು ಜಾರಿದರೆ ಹಗ್ಗ ಇನ್ನೊಬ್ಬರನ್ನೂ ಎಳೆದೊಯ್ಯುತ್ತದೆ. ಐಸ್ ಆಕ್ಸ್ ಒಂದೇ ಇದ್ದರೆ ಹಂಚಿಕೊಳ್ಳಬಹುದೇ ಎಂದು ಕೇಳುವವರಿದ್ದಾರೆ. ಅದನ್ನು ಕಾಲುವೆಯ ಆಚೆಯಿಂದ ಈಚೆಗೆ ತಲುಪಿಸುವುದು ಹೇಗೆ?

ತಿರುವುಗಳು ಮುಗಿದ ಮೇಲೆ ಟಿಂಡಾಲ್ ಕ್ರೀಕ್‌ವರೆಗೆ ದಾರಿ ಸುಲಭ, ಬಿಸಿಲು ಕಠಿಣ. ಊರುಗೋಲನ್ನು ಇಳಿತಕ್ಕೆ ಐದರಿಂದ ಹತ್ತು ಸೆಂ.ಮೀ. ಉದ್ದ ಮಾಡಿಕೊಂಡರೆ ಮಂಡಿಗೆ ಆರಾಮ. ಮೊದಲ ಕೆರೆಯ ಹತ್ತಿರ ಶೂ, ಕಾಲುಚೀಲ ಬಿಚ್ಚಿ ಕಾಲು ಒಣಗಿಸಿ.

ಟಿಂಡಾಲ್ ಹತ್ತಿರ, ಸುಮಾರು 3,300 ಮೀಟರ್‌ನಲ್ಲಿ ಮರಗಳು ಮತ್ತೆ ಸಿಗುತ್ತವೆ. ಟೆಂಟ್ ನೀರಿನಿಂದ ಕನಿಷ್ಠ 30 ಮೀಟರ್ ದೂರ, ಹುಲ್ಲಿನ ಮೇಲೆ ಬೇಡ. ಹುಲ್ಲುಗಾವಲಿನ ತಗ್ಗಿಗೆ ರಾತ್ರಿ ತಣ್ಣನೆಯ ಗಾಳಿ ಇಳಿದು ಕೂರುತ್ತದೆ, ಬೆಳಿಗ್ಗೆ ಟೆಂಟ್ ಒಳಗೂ ಹೊರಗೂ ಒದ್ದೆ. ಹತ್ತು ಮೀಟರ್ ಮೇಲಿನ ಮರಳು ನೆಲ ಬೆಚ್ಚಗೂ ಒಣಗೂ ಇರುತ್ತದೆ. ಶೌಚಕ್ಕೆ ನೀರಿನಿಂದ 60 ಮೀಟರ್ ದೂರ, 15ರಿಂದ 20 ಸೆಂ.ಮೀ. ಆಳದ ಗುಂಡಿ, ಕಾಗದ ಬಳಸಿದ್ದರೆ ಅದು ನಿಮ್ಮ ಜೊತೆಗೇ ವಾಪಸ್.

ಈ ಎತ್ತರದಲ್ಲಿ ಸೌದೆ ಬೆಂಕಿಯನ್ನು ಮರೆತುಬಿಡಿ, ಅಡುಗೆಯೆಲ್ಲ ಗ್ಯಾಸಿನಲ್ಲೇ. ನೀರು ಇಲ್ಲಿ 89 ಡಿಗ್ರಿಯಲ್ಲೇ ಕುದಿಯುತ್ತದೆ. ತೊಗರಿಬೇಳೆ ಬೇಯಿಸುತ್ತೇನೆ ಎಂದು ಹೊರಟರೆ ಗ್ಯಾಸ್ ಮುಗಿಯುತ್ತದೆ, ಬೇಳೆ ಬೇಯುವುದಿಲ್ಲ. ಬಿಸಿಬೇಳೆಬಾತನ್ನು ಮನೆಯಲ್ಲೇ ಬೇಯಿಸಿ, ತುಪ್ಪ-ಎಣ್ಣೆ ಹಾಕದೆ, ತೆಳ್ಳಗೆ ಹರಡಿ ಡಿಹೈಡ್ರೇಟರ್‌ನಲ್ಲಿ 57-60 ಡಿಗ್ರಿಗೆ ಎಂಟರಿಂದ ಹತ್ತು ಗಂಟೆ ಒಣಗಿಸಿ. ತರಕಾರಿ ಸಣ್ಣಗೆ ಹೆಚ್ಚಿರಬೇಕು, ದಪ್ಪ ಹೋಳು ಹೊರಗೆ ಒಣಗಿ ಒಳಗೆ ಹಸಿಯಾಗಿ ಉಳಿದು ಬೂಷ್ಟು ಹಿಡಿಯುತ್ತದೆ. ಜಿಡ್ಡು ಇದ್ದರೆ ಸರಿಯಾಗಿ ಒಣಗುವುದೂ ಇಲ್ಲ, ವಾರದೊಳಗೆ ಕಮಟು ವಾಸನೆ ಬರುತ್ತದೆ. ತಲೆಗೆ 120 ಗ್ರಾಂ ಒಣ ಬಾತಿಗೆ 275 ಮಿ.ಲೀ. ಕುದಿವ ನೀರು, ಪಾತ್ರೆಯನ್ನು ಜಾಕೆಟ್‌ನಲ್ಲಿ ಸುತ್ತಿ ಇಪ್ಪತ್ತು ನಿಮಿಷ, ಕೊನೆಗೆ 20 ಗ್ರಾಂ ತುಪ್ಪ. ತುಪ್ಪ ರುಚಿಗಷ್ಟೇ ಅಲ್ಲ. ಗ್ರಾಂಗೆ 9ರ ಹತ್ತಿರ ಕ್ಯಾಲೊರಿ ಕೊಡುವುದು ತುಪ್ಪ-ಎಣ್ಣೆಯಂಥ ಜಿಡ್ಡು ಮಾತ್ರ, ಅಕ್ಕಿ-ಅವಲಕ್ಕಿ ಕೊಡುವುದು ಮೂರೂವರೆ. ಬಾಯಿಗೆ ಚಟ್ನಿಪುಡಿ, ನಡುನಡುವೆ ಕಡಲೆಕಾಯಿ ಚಿಕ್ಕಿ. 750 ಗ್ರಾಂನಲ್ಲಿ 3,200 ಕ್ಯಾಲೊರಿ ಹೀಗೆ ಬರುತ್ತದೆ.

ಗ್ಯಾಸಿನ ಲೆಕ್ಕ: ಗಾಳಿಯ ಮರೆಯಲ್ಲಿ ಒಂದು ಲೀಟರ್ ಕುದಿಸಲು 12ರಿಂದ 15 ಗ್ರಾಂ. ಇಬ್ಬರಿಗೆ ದಿನಕ್ಕೆ ಎರಡೂವರೆ ಲೀಟರ್ ಅಂದರೆ 35 ಗ್ರಾಂ. 230 ಗ್ರಾಂನ ಕ್ಯಾನಿಸ್ಟರ್ ಆರು ದಿನ ಬರುತ್ತದೆ. ಗಾಳಿಗೆ ಒಡ್ಡಿ ಕುದಿಸಿದರೆ ಮೂರೇ ದಿನ. ಹಾಗೆಂದು ಕ್ಯಾನಿಸ್ಟರ್ ಮೇಲೆ ಕೂರುವ ಒಲೆಗೆ ಸುತ್ತಲೂ ತಗಡಿನ ಮರೆ ಕಟ್ಟಬಾರದು, ಕ್ಯಾನಿಸ್ಟರ್ ಕಾದು ಸಿಡಿಯುವ ಅಪಾಯವಿದೆ. ಬಂಡೆಯ ಮರೆ, ಒಂದು ಬದಿಗೆ ಬ್ಯಾಗ್, ಸಾಕು.

ಊಟ ಮುಗಿದ ಮೇಲೆ ಕರಡಿ ಡಬ್ಬಿ. ಇಲ್ಲಿರುವುದು ಕಪ್ಪು ಕರಡಿ ಮಾತ್ರ, ಅದಕ್ಕೆ ನಿಮ್ಮ ಮೇಲೆ ಆಸಕ್ತಿಯಿಲ್ಲ, ಚಿಕ್ಕಿಯ ಮೇಲಿದೆ. ಡಬ್ಬಿಯೊಳಗೆ ಊಟವಷ್ಟೇ ಅಲ್ಲ, ಟೂತ್‌ಪೇಸ್ಟ್, ಸನ್‌ಸ್ಕ್ರೀನ್, ತುಟಿಯ ಮುಲಾಮು, ಖಾಲಿ ಪೊಟ್ಟಣ ಎಲ್ಲ ಹೋಗಬೇಕು. ಟೆಂಟಿನಿಂದ 30 ಮೀಟರ್ ದೂರ, ನೀರಿಗೆ ಉರುಳದ ಜಾಗದಲ್ಲಿ ಇಡಿ. ಹಗ್ಗ ಕಟ್ಟಿದರೆ ಕರಡಿಗೆ ಹಿಡಿ ಕೊಟ್ಟಂತೆ. ಇಬ್ಬರಿರುವಾಗ ಆಗುವ ಎಡವಟ್ಟು ಒಂದೇ: ಮುಚ್ಚಳ ಅವನು ತಿರುಗಿಸಿರುತ್ತಾನೆ ಅಂತ ಇವನು, ಇವನು ತಿರುಗಿಸಿರುತ್ತಾನೆ ಅಂತ ಅವನು. ಕೊನೆಯ ಪರೀಕ್ಷೆ ಪ್ರತಿ ರಾತ್ರಿ ಒಬ್ಬರದೇ ಕೆಲಸವಾಗಿರಲಿ. ನೀರಿನ ಫಿಲ್ಟರ್ ಮಾತ್ರ ಸ್ಲೀಪಿಂಗ್ ಬ್ಯಾಗಿನೊಳಗೆ. ಅದರ ಸೂಕ್ಷ್ಮ ಕೊಳವೆಗಳಲ್ಲಿ ಉಳಿದ ನೀರು ಹೆಪ್ಪುಗಟ್ಟಿದರೆ ಕೊಳವೆ ಬಿರಿಯುತ್ತದೆ. ಬಿರಿದ ಫಿಲ್ಟರ್ ಹೊರಗಿನಿಂದ ಗೊತ್ತಾಗುವುದಿಲ್ಲ, ನೀರೂ ಚೆನ್ನಾಗೇ ಬರುತ್ತದೆ, ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಪರಾವಲಂಬಿ ಸಮೇತ. ಹೆಪ್ಪುಗಟ್ಟಿದ ಅನುಮಾನ ಬಂದರೂ ಅದನ್ನು ಬಿಟ್ಟು ಕ್ಲೋರಿನ್ ಡೈಆಕ್ಸೈಡ್ ಮಾತ್ರೆಗೆ ಹೋಗಿ. ತಣ್ಣನೆಯ ನೀರಿನಲ್ಲಿ ಕ್ರಿಪ್ಟೋಸ್ಪೋರಿಡಿಯಂ ಎಂಬ ಇನ್ನೊಂದು ಪರಾವಲಂಬಿ ಸಾಯಲು ಅದಕ್ಕೆ ನಾಲ್ಕು ಗಂಟೆ ಬೇಕು, ಆದ್ದರಿಂದ ರಾತ್ರಿಯೇ ಹಾಕಿಡಿ.

ಕೊನೆಗೆ ಟಿಂಡಾಲ್ ಕ್ರೀಕ್. ಹಿಮ ಕರಗುವ ಕಾಲದಲ್ಲಿ ಈ ಹಳ್ಳ ಬೆಳಿಗ್ಗೆ ಮೊಣಕಾಲು, ಸಂಜೆ ತೊಡೆ. ಹಗಲೆಲ್ಲ ಕರಗಿದ ನೀರು ಇಲ್ಲಿಗೆ ಬರುವುದು ಸಂಜೆಯ ಹೊತ್ತಿಗೆ. ಇವತ್ತೇ ದಾಟಿ ಮುಗಿಸೋಣ ಅನ್ನುವ ಆತುರ ಇಬ್ಬರಲ್ಲೊಬ್ಬರಿಗೆ ಇದ್ದೇ ಇರುತ್ತದೆ. ನೀರು ತೊಡೆ ಮುಟ್ಟುತ್ತಿದ್ದರೆ ಉತ್ತರದ ದಡದಲ್ಲೇ ಮಲಗಿ, ಬೆಳಿಗ್ಗೆ ಆರಕ್ಕೆ ದಾಟಿ. ಶೂ ಹಾಕಿಕೊಂಡೇ ಇಳಿಯಿರಿ, ಬರಿಗಾಲಿಗೆ ಕಲ್ಲಿನ ಮೇಲೆ ಹಿಡಿತ ಸಿಗುವುದಿಲ್ಲ. ಬ್ಯಾಗಿನ ಸೊಂಟದ ಪಟ್ಟಿ ಮತ್ತು ಎದೆಯ ಪಟ್ಟಿ ಬಿಚ್ಚಿರಲಿ, ಬಿದ್ದರೆ ಬ್ಯಾಗ್ ಕಳಚಿಕೊಳ್ಳಬೇಕು. ದಾರಿ ಹಳ್ಳಕ್ಕಿಳಿಯುವ ಜಾಗವೇ ದಾಟಲು ಒಳ್ಳೆಯ ಜಾಗ ಎಂದೇನಿಲ್ಲ; ಅಗಲವಾಗಿ ಹರಡಿ ಹರಿಯುವಲ್ಲಿ ಆಳ ಕಡಿಮೆ, ಕಿರಿದಾದಲ್ಲಿ ರಭಸ ಹೆಚ್ಚು. ಭಾರದವರು ಮೇಲ್ಹರಿವಿನ ಬದಿಗೆ ನಿಂತು ನೀರಿಗೆ ಮುಖ ಮಾಡಿ ಕೋಲು ಊರಲಿ, ಹಗುರದವರು ಅವರ ಬೆನ್ನ ಹಿಂದೆ ಬ್ಯಾಗ್ ಹಿಡಿದು ಒತ್ತಿ ನಿಲ್ಲಲಿ. ಒಂದು ಸಲಕ್ಕೆ ಒಬ್ಬರೇ ಹೆಜ್ಜೆ ತೆಗೆಯಬೇಕು, ಅಡ್ಡಡ್ಡವಾಗಿ. ನೀರಿನ ಸದ್ದಿಗೆ ಮಾತು ಕೇಳಿಸುವುದಿಲ್ಲ, ಹಾಗಾಗಿ ಬೆನ್ನು ತಟ್ಟುವ ಸಂಜ್ಞೆಯನ್ನು ದಡದಲ್ಲೇ ಮಾತಾಡಿಕೊಳ್ಳಿ: ಒಂದು ತಟ್ಟಿದರೆ ನಡೆ, ಎರಡು ತಟ್ಟಿದರೆ ಹಿಂದಕ್ಕೆ. ಇಲ್ಲೇ ಹತ್ತಿರದಲ್ಲಿ ಶೆಫರ್ಡ್ ಪಾಸ್ ಕಡೆಗೆ ಹೋಗುವ ದಾರಿ ಕವಲೊಡೆಯುತ್ತದೆ. ಮಂಡಿ ಕೈಕೊಟ್ಟವರು, ಊಟ ಸಾಲದವರು ಪೂರ್ವಕ್ಕೆ ಓವೆನ್ಸ್ ಕಣಿವೆಗೆ ಇಳಿಯಬಹುದಾದ ದಾರಿ ಅದು. ವಿಟ್ನಿಗೆ ಮುಂದುವರಿಯುವುದೋ ಇಲ್ಲಿಂದ ಇಳಿಯುವುದೋ ಎಂಬುದನ್ನು ಹಳ್ಳ ದಾಟಿ, ಕಾಲುಚೀಲ ಹಿಂಡಿ, ಡಬ್ಬಿಯಲ್ಲಿ ಉಳಿದ ಊಟವನ್ನು ಎಣಿಸಿದ ಮೇಲೆ ತೀರ್ಮಾನಿಸಿ.